ಹ್ಯಾಮಕ್‌ನಲ್ಲಿ ಚಳಿ ನುಗ್ಗುವುದು ಬೆನ್ನಿನ ಕಡೆಯಿಂದ

ಬಳ್ಳಾರಿಯಲ್ಲೂ ಚಳಿಯಾ ಎಂದು ನಗಬೇಡಿ. ಡಿಸೆಂಬರ್, ಜನವರಿ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಥಂಡಿ ಇನ್ನೂ ಜಾಸ್ತಿ. ಬಯಲಲ್ಲಿ ಹ್ಯಾಮಕ್ (ಎರಡು ಮರಗಳ ನಡುವೆ ತೂಗುವ ಬಟ್ಟೆಯ ಹಾಸಿಗೆ) ಕಟ್ಟಿ ಮಲಗಿದವರಿಗೆ ಇಷ್ಟೇ ಸಾಕು, ಹಲ್ಲು ಕಟಕಟ ಎನ್ನಲು.

ಮೊದಲು ಜಾಗ. ಸಂಡೂರು, ಆನೆಗೊಂದಿ ಕಡೆ ಕರಡಿ, ಚಿರತೆ ಓಡಾಡುತ್ತವೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿಗೆ ಹೋಗಬೇಡಿ, ಪರಿಚಯದವರ ಮಾವಿನ ತೋಟವೇ ವಾಸಿ. ಹಳ್ಳದ ದಂಡೆಯೂ ಬೇಡ, ತಣ್ಣನೆ ಗಾಳಿ ತಗ್ಗಿಗೇ ಇಳಿಯುತ್ತದೆ. 12ರಿಂದ 15 ಅಡಿ ಅಂತರದ ಎರಡು ಗಟ್ಟಿ ಮರಗಳಿಗೆ ಅಗಲವಾದ ಪಟ್ಟಿ ಸುತ್ತಿ. ಹಗ್ಗ ತೊಗಟೆ ಕೊರೆಯುತ್ತದೆ. ಪಟ್ಟಿ ಸುಮಾರು 30 ಡಿಗ್ರಿ ಇಳಿಜಾರಾಗಿರಲಿ, ಕೂತಾಗ ಕುರ್ಚಿಯಷ್ಟು ಎತ್ತರ ಬರಲಿ.

ಈಗ ಮುಖ್ಯ ಕೆಲಸ. ಎಲ್ಲರೂ ಮೇಲೆ ಹೊದಿಕೆ ಪೇರಿಸುತ್ತಾರೆ, ಆದರೆ ಚಳಿ ಬರುವುದು ಕೆಳಗಿನಿಂದ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಅದರೊಳಗೆ ನಿಂತ ಗಾಳಿಯಿಂದ. ನಮ್ಮ ಭಾರಕ್ಕೆ ಬೆನ್ನಡಿಯ ಪದರ ಚಪ್ಪಟೆಯಾದರೆ ಆ ಗಾಳಿ ಎಲ್ಲಿ ಉಳಿದೀತು? ಹ್ಯಾಮಕ್‌ನಡಿ ಹಾಯುವ ಗಾಳಿ ಮೈಬಿಸಿಯನ್ನೆಲ್ಲ ಹೊತ್ತೊಯ್ಯುತ್ತದೆ.

ಅದಕ್ಕೇ ಹ್ಯಾಮಕ್‌ನ ಹೊರಗೆ, ಕೆಳಗಡೆ ಒಂದು ಹೊದಿಕೆ ತೂಗುಬಿಡಬೇಕು. ಮನೆಯ ಕೌದಿ ಸಾಕು. ಮೂಲೆಗೆ ತೂತು ಹಾಕಬೇಡಿ. ನೆಲ್ಲಿಕಾಯಿ ಗಾತ್ರದ ಕಲ್ಲನ್ನು ಮೂಲೆಯಲ್ಲಿಟ್ಟು, ಬಟ್ಟೆ ಮುದುರಿ, ಕಲ್ಲಿನ ಕುತ್ತಿಗೆಗೆ ದಾರ ಬಿಗಿಯಿರಿ. ನಾಲ್ಕೂ ದಾರಗಳನ್ನು ಹ್ಯಾಮಕ್‌ನ ಎರಡು ತುದಿಗೆ ಕಟ್ಟಿ. ನೀವು ಮಲಗಿದಾಗ ಕೌದಿ ಬೆನ್ನಿಗೆ ಸುಮ್ನೆ ತಾಗಬೇಕು. ಬಿಗಿಯಾದರೆ ಮತ್ತೆ ಚಪ್ಪಟೆ, ಸಡಿಲಾದರೆ ಸಂದಿಯಲ್ಲಿ ಗಾಳಿ. ಜೊತೆಯವರಿಗೆ ಕೈ ತೂರಿಸಿ ನೋಡಲು ಹೇಳಿ. ಇಬ್ಬನಿ ಜೋರಿದ್ದರೆ ಮಾತ್ರ ಕುರಿ ಉಣ್ಣೆಯ ಕಂಬಳಿಯೇ ಮೇಲು. ಹತ್ತಿಯ ಕೌದಿ ಒದ್ದೆಯಾದರೆ ಮುಗೀತು. ಇದ್ಯಾವುದೂ ಇಲ್ಲದಿದ್ದರೆ ಯೋಗ ಮ್ಯಾಟ್ ಒಳಗೆ ಹಾಸಿ, ರಾತ್ರಿ ಜಾರುತ್ತದೆ ಅಷ್ಟೆ.

ಮೇಲೆ ತಾಡಪತ್ರಿ ಕಟ್ಟಿ, ಮೂಡಗಾಳಿ ಬೀಸುವ ಬದಿಯನ್ನು ನೆಲದ ಹತ್ತಿರಕ್ಕೆ ಇಳಿಸಿ. ಮೆಣಸಿನಕಾಯಿ ಒಣಗಿಸಿದ ತಾಡಪತ್ರಿಯಾದರೆ ತೊಳೆದು ತನ್ನಿ, ಇಲ್ಲದಿದ್ದರೆ ರಾತ್ರಿಯಿಡೀ ಸೀನುತ್ತಿರುತ್ತೀರಿ. ಎರಡೂ ಪಟ್ಟಿಗೆ ಒಂದೊಂದು ದಾರದ ತುಂಡು ಇಳಿಬಿಡಿ, ಹರಿದು ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಹೊಟ್ಟೆ ತುಂಬ ರೊಟ್ಟಿ ಉಂಡು, ಒಣ ಕಾಲುಚೀಲ, ಟೋಪಿ ಹಾಕಿ ಸ್ವಲ್ಪ ಓರೆಯಾಗಿ ಮಲಗಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಇಡಿ. ಮುಖದ ಮೇಲೆ ಹೊದಿಕೆ ಎಳೆಯಬೇಡಿ, ಉಸಿರಿನ ತೇವಕ್ಕೆ ಹೊದಿಕೆ ನೆನೆಯುತ್ತದೆ. ಒಲೆ, ಕೆಂಡವನ್ನಂತೂ ತಾಡಪತ್ರಿಯಡಿ ತರಲೇಬೇಡಿ. ಹೊಗೆಗಿಂತ ಕಣ್ಣಿಗೆ ಕಾಣದ ಅನಿಲ ಅಪಾಯಕಾರಿ. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ, ನಮ್ಮ ಕಡೆ ಚೇಳು ಕಡಿಮೆಯೇನಿಲ್ಲ.