ಬಾಡಿಗೆ ಕಮ್ಮಿ ಇಟ್ಟೆ, ಒಟ್ಟು ದುಡ್ಡು ಜಾಸ್ತಿ ಬಂತು

ನಾಲ್ಕು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಸುತ್ತಮುತ್ತ ನಡೆಯುವ ಬಾಡಿಗೆಗಿಂತ ನೂರಕ್ಕೆ ಐದರಷ್ಟು ಕಮ್ಮಿ ಇಡುತ್ತೇನೆ. ಶುರು ಮಾಡಿದಾಗ ಗೊತ್ತಿದ್ದವರೆಲ್ಲ ಬೈದರು. 'ಸುಮ್ನೆ ದುಡ್ಡು ಬಿಡ್ತಿದ್ದೀಯ' ಅಂದ ಅಣ್ಣ. ಈಗ ಐದಾರು ವರ್ಷದ ಲೆಕ್ಕ ಕೈಯಲ್ಲಿದೆ, ಧೈರ್ಯವಾಗಿ ಬರೆಯಬಹುದು.

ತಿಂಗಳಿಗೆ 100 ಬರುವ ಮನೆಗೆ 105 ಕೇಳಿದಿರಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ 60 ಜಾಸ್ತಿ. ಮನೆ ಒಂದೇ ಒಂದು ತಿಂಗಳು ಖಾಲಿ ಬಿದ್ದರೆ 105 ಹೋಯಿತು. ಅದನ್ನು ತುಂಬಿಸಿಕೊಳ್ಳಲು 21 ತಿಂಗಳು ಬೇಕು. ಜೊತೆಗೆ ಬಣ್ಣ, ಬ್ರೋಕರ್ ಕಮಿಷನ್, ಸಣ್ಣಪುಟ್ಟ ರಿಪೇರಿ. ನನ್ನ ಮನೆಗಳಲ್ಲಿ ಒಬ್ಬರು ಬಿಟ್ಟು ಇನ್ನೊಬ್ಬರು ಬರುವಷ್ಟರಲ್ಲಿ ಹೆಚ್ಚುಕಮ್ಮಿ ಎರಡೂವರೆ ತಿಂಗಳ ಬಾಡಿಗೆ ಕರಗುತ್ತಿತ್ತು.

ಆದರೆ ಬಾಡಿಗೆ ಇಳಿಸಿದರಷ್ಟೇ ಸಾಲದು. ಬಾಡಿಗೆ ಇಳಿಸಿದ ಮೇಲೂ ಒಂದು ಮನೆ ವರ್ಷಕ್ಕೊಮ್ಮೆ ಖಾಲಿಯಾಗುತ್ತಲೇ ಇತ್ತು. ಬಾತ್‌ರೂಮಿಗೆ ಅಂಟಿಕೊಂಡ ಮಲಗುವ ಕೋಣೆಯ ಗೋಡೆಯಲ್ಲಿ ತೇವ. ಪೇಂಟರ್ ಕೆರೆದು ಪುಟ್ಟಿ ಹಾಕಿ ಬಣ್ಣ ಬಳಿದ. ಕೆಲವೇ ತಿಂಗಳಲ್ಲಿ ಮತ್ತೆ ಬೊಬ್ಬೆ ಎದ್ದಿತು. ತೇವ ತಡೆಯುವ ದುಬಾರಿ ಪೇಂಟ್ ಬಳಿಸಿದೆ, ಅದೂ ಉದುರಿತು. ಒಳಗಿಂದ ನೀರು ಬರುತ್ತಿರುವಾಗ ಮೇಲೆ ಏನು ಬಳಿದರೂ ನಿಲ್ಲುವುದಿಲ್ಲ.

ಮನೆ ಖಾಲಿ ಇದ್ದಾಗ ಪತ್ತೆಗೆ ಕೂತೆ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ನೀರಿನ ಮೀಟರ್ ಫೋಟೋ ತೆಗೆದೆ. ಬೆಳಿಗ್ಗೆ ಅಂಕಿ ಕದಲಿರಲಿಲ್ಲ. ಅಂದರೆ ನೀರು ಬರುವ ಪೈಪ್ ಸರಿ ಇದೆ. ಆಮೇಲೆ ಬಾತ್‌ರೂಮಿನ ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ, ಎರಡು ಬೆರಳು ಎತ್ತರ ನೀರು ನಿಲ್ಲಿಸಿ ಒಂದು ದಿನ ಬಿಟ್ಟೆ. ಗೋಡೆಯ ಕಲೆ ಅಂಗೈಯಷ್ಟು ದೊಡ್ಡದಾಯಿತು. ನೆಲವೇ ಸೋರುತ್ತಿತ್ತು. ಟೈಲ್ಸ್ ಕೀಳಿಸಿ, ನೆಲಕ್ಕೆ ಮತ್ತು ಗೋಡೆಗೆ ಒಂದಡಿ ಎತ್ತರದವರೆಗೆ ವಾಟರ್‌ಪ್ರೂಫಿಂಗ್ ಮಾಡಿಸಿದೆ. ಮೂಲೆ ಮತ್ತು ಪೈಪಿನ ಸುತ್ತ ನಾನೇ ಎದುರು ನಿಂತು ಮಾಡಿಸಿದೆ, ಕೆಲಸದವರು ಕೈ ಬಿಡುವುದು ಅಲ್ಲೇ. ಮತ್ತೆ ನೀರು ನಿಲ್ಲಿಸಿ ನೋಡಿದ ಮೇಲೆಯೇ ಹೊಸ ಟೈಲ್ಸ್. ಮೂರು ಮೂರೂವರೆ ತಿಂಗಳ ಬಾಡಿಗೆಯಷ್ಟು ಖರ್ಚಾಯಿತು. ಗೋಡೆ ಪೂರ್ತಿ ಒಣಗುವ ತನಕ ಬಣ್ಣ ಮುಟ್ಟಿಸಲಿಲ್ಲ. ಆಮೇಲೆ ಬಂದ ಕುಟುಂಬ ಇನ್ನೂ ಅಲ್ಲೇ ಇದೆ.

ಆವತ್ತಿಂದ ಬರುವ ಬಾಡಿಗೆಯಲ್ಲಿ ನೂರಕ್ಕೆ ಹತ್ತು ಬೇರೆ ಖಾತೆಗೆ ಹಾಕುತ್ತೇನೆ. ರಿಪೇರಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ನಲ್ಲಿ ಸೋರುತ್ತಿದೆ ಅಂತ ಫೋನ್ ಬಂದರೆ ಎರಡು ದಿನದೊಳಗೆ ಪ್ಲಂಬರ್ ಹೋಗಿರುತ್ತಾನೆ. ನಾಲ್ಕೂ ಮನೆಗೆ ಒಂದೇ ಮಾಡೆಲ್ ನಲ್ಲಿ, ಒಂದೇ ಶೇಡಿನ ತೊಳೆಯಬಹುದಾದ ಎಮಲ್ಷನ್ ಬಣ್ಣ. ಒಂದು ಡಬ್ಬಿ ಬಿಡಿಭಾಗ, ಅರ್ಧ ಬಕೆಟ್ ಬಣ್ಣ ಇಟ್ಟುಕೊಂಡರೆ ಸಾಕು. ಮೊಳೆ ಕಿತ್ತ ತೂತು ಮುಚ್ಚಲು ಇಡೀ ಗೋಡೆ ಬಳಿಸಬೇಕಿಲ್ಲ.

ನಡುವೆ ಒಂದು ಮನೆಗೆ ಸೋಫಾ, ಮಂಚ, ಫ್ರಿಜ್ ಹಾಕಿ ಕೊಟ್ಟು ನೋಡಿದೆ. ಬಾಡಿಗೆ ಕಾಲುಪಾಲು ಜಾಸ್ತಿ ಬಂತು. ಆದರೆ ಅಂಥ ಮನೆಗೆ ಬರುವವರು ಬೇಗ ಬಿಡುತ್ತಾರೆ. ಸಾಮಾನಿನ ರಿಪೇರಿಯೂ ಮಾಲೀಕನ ತಲೆಗೇ. ಎರಡು ವರ್ಷದಲ್ಲಿ ಸಾಮಾನೆಲ್ಲ ಮಾರಿದೆ. ಹಾಕಿದ್ದರ ಅರ್ಧವೂ ಕೈಗೆ ಬರಲಿಲ್ಲ.

ಬಾಡಿಗೆ ಕಮ್ಮಿ ಅಂದಾಗ ಕೇಳಿಕೊಂಡು ಬರುವವರು ಜಾಸ್ತಿ, ಆರಿಸಿಕೊಳ್ಳುವ ಅವಕಾಶ ನಮಗೆ. ನೋಡಲು ಬಂದವರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದರ ಉತ್ತರದಲ್ಲೇ ಬಹಳಷ್ಟು ಗೊತ್ತಾಗುತ್ತದೆ. ಪ್ರಶ್ನೆ ಯಾವುದು ಅಂತ ಮಾತ್ರ ಇಲ್ಲಿ ಹೇಳಲಾರೆ, ಎಲ್ಲರಿಗೂ ಗೊತ್ತಾದರೆ ಉತ್ತರ ಸಿದ್ಧ ಮಾಡಿಕೊಂಡೇ ಬರುತ್ತಾರೆ ಅಲ್ವಾ?

ಕಳೆದ ನಾಲ್ಕು ವರ್ಷದಲ್ಲಿ ನಾಲ್ಕೂ ಮನೆ ಸೇರಿ ಖಾಲಿ ಬಿದ್ದದ್ದು ಹೆಚ್ಚೆಂದರೆ ಮೂರು ತಿಂಗಳು. ಬೈದ ಅಣ್ಣನೇ ಈಗ ತನ್ನ ಮನೆಯ ಬಾಡಿಗೆ ಇಳಿಸಿದ್ದಾನೆ. ಸದ್ಯ ಒಂದು ಬಾತ್‌ರೂಮಿಗೆ ಟೈಮರ್ ಇರುವ ಎಕ್ಸಾಸ್ಟ್ ಫ್ಯಾನ್ ಹಾಕಿದ್ದೇನೆ, ಸ್ನಾನವಾದ ಮೇಲೂ ಸ್ವಲ್ಪ ಹೊತ್ತು ಓಡುತ್ತದೆ. ಗಾಳಿ ಒಳಗೆ ಬರಲೆಂದು ಬಾಗಿಲ ಕೆಳಗೆ ಒಂದು ಬೆರಳು ಸಂದು ಬಿಡಿಸಿದ್ದೇನೆ. ಚಾವಣಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಈವರೆಗೆ ಬಂದಿಲ್ಲ. ಇನ್ನೊಂದು ವರ್ಷ ನೋಡಿ ಉಳಿದ ಮೂರಕ್ಕೂ ಹಾಕಿಸುತ್ತೇನೆ.