ಬಾಣ ಕಾಣದಿದ್ದರೆ ವಾಪಸ್ ತಿರುಗು: ಕಮಿನೊ ನಡೆದ ನನ್ನ ಅನುಭವ

ಬೆಳಿಗ್ಗೆ ಆರೂವರೆ. ಕತ್ತಲೆ ಅಂದರೆ ಕತ್ತಲೆ. ಸೆಪ್ಟೆಂಬರಿನಲ್ಲಿ ಸ್ಪೇನಿನ ಆ ಮೂಲೆಯಲ್ಲಿ ಸೂರ್ಯ ಹುಟ್ಟುವುದೇ ಎಂಟರ ಹೊತ್ತಿಗೆ. ಹಣೆಗೆ ಟಾರ್ಚು ಕಟ್ಟಿಕೊಂಡು ಗೋಡೆ, ಕಂಬ, ಕಲ್ಲು ಎಲ್ಲದರ ಮೇಲೂ ದಾರಿ ತೋರಿಸುವ ಹಳದಿ ಬಾಣ ಹುಡುಕುತ್ತಾ ಹೋಗಬೇಕು. ಬಾಣ ಸಿಕ್ಕರೆ ಮುಂದೆ. ಹತ್ತು ನಿಮಿಷ ಸಿಗಲಿಲ್ಲ ಅಂದರೆ ಸುಮ್ನೆ ವಾಪಸ್. 2024ರಲ್ಲಿ ಹದಿಮೂರು ದಿನ ನಾನು ಮಾಡಿದ್ದು ಇಷ್ಟೇ.

ನಾನು ಕಾರ್ಕಳದವಳು, ಇರುವುದು ಬೆಂಗಳೂರಿನಲ್ಲಿ, ವಯಸ್ಸು ಐವತ್ತೆರಡು. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಎರಡು ಸಲ ನಡೆದು ಹೋಗಿದ್ದೇನೆ. ಈ ಸಲ ಸಾಂತಿಯಾಗೊ ಅಂದಾಗ ಆಫೀಸಿನಲ್ಲಿ ಎಲ್ಲರೂ ಕೇಳಿದ ಮೊದಲ ಪ್ರಶ್ನೆ, "ಅದು ಕ್ರಿಶ್ಚಿಯನ್ನರ ಯಾತ್ರೆ ಅಲ್ವಾ, ನಿಮಗ್ಯಾಕೆ?" ಊರಿನವರು ಮಾತ್ರ ಕೇಳಲಿಲ್ಲ. ಜನವರಿಯಲ್ಲಿ ಅತ್ತೂರು ಚರ್ಚಿನ ಜಾತ್ರೆಗೆ ಹೋಗಿ ಮೇಣದಬತ್ತಿ ಹಚ್ಚದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ. ಅಮ್ಮ ಹೇಳಿದ್ದು ಒಂದೇ ಮಾತು: "ಅಲ್ಲೂ ಒಂದು ಬತ್ತಿ ಹಚ್ಚಿ ಬಾ."

ಗೊತ್ತಿಲ್ಲದವರಿಗೆ ಎರಡು ಮಾತು. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಜೇಮ್ಸ್‌ಗೆ ಸ್ಪೇನಿನವರು ಸಾಂತಿಯಾಗೊ ಎನ್ನುತ್ತಾರೆ. ಅವನ ಸಮಾಧಿ ವಾಯವ್ಯ ಸ್ಪೇನಿನ ಗಲಿಸಿಯಾದಲ್ಲಿ ಒಂಬತ್ತನೇ ಶತಮಾನದಲ್ಲಿ ಸಿಕ್ಕಿತು ಅನ್ನುವುದು ನಂಬಿಕೆ. ಅಲ್ಲಿ ಬೆಳೆದ ಊರೇ ಸಾಂತಿಯಾಗೊ ದೆ ಕೊಂಪೊಸ್ತೆಲಾ. ಅಲ್ಲಿಗೆ ಹೋಗುವ ದಾರಿಗಳಿಗೆಲ್ಲ ಸೇರಿ ಕಮಿನೊ ಎಂದು ಹೆಸರು. ದಾರಿಗಳು ಹತ್ತಾರಿವೆ. ಹೆಚ್ಚು ಜನ ನಡೆಯುವುದು ಫ್ರಾನ್ಸಿನ ಗಡಿಯ ಸೇಂಟ್ ಜಾನ್ ಎಂಬ ಊರಿಂದ ಬರುವ ದಾರಿಯಲ್ಲಿ, ಸುಮಾರು 780 ಕಿಲೋಮೀಟರ್. ಅದಕ್ಕೆ ಒಂದು ತಿಂಗಳಿಗೂ ಜಾಸ್ತಿ ರಜೆ ಬೇಕು, ನನಗೆ ಸಿಕ್ಕಿದ್ದು ಮೂರು ವಾರ. ಅದೇ ದಾರಿಯಲ್ಲಿರುವ ಲಿಯೋನ್ ಊರಿಂದ ಹೊರಟೆ. 310 ಕಿಲೋಮೀಟರ್. ಬೆಂಗಳೂರಿಂದ ಧರ್ಮಸ್ಥಳಕ್ಕೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ ಅನ್ನುವುದೊಂದೇ ನನ್ನ ಧೈರ್ಯ.

ತಯಾರಿ ಅಂತ ಮೂರು ತಿಂಗಳು ಶನಿವಾರ, ಭಾನುವಾರ ಹದಿನೈದಿಪ್ಪತ್ತು ಕಿಲೋಮೀಟರ್ ನಡೆದೆ. ಖಾಲಿ ಕೈಯಲ್ಲಲ್ಲ, ಬೆನ್ನಿಗೆ ಚೀಲ ಹಾಕಿಕೊಂಡೇ. ಬರಿಗೈಯಲ್ಲಿ ನಡೆದ ಅಭ್ಯಾಸ ಇಲ್ಲಿ ಲೆಕ್ಕಕ್ಕಿಲ್ಲ. ನಮ್ಮ ತೂಕದ ಹತ್ತನೇ ಒಂದು ಭಾಗಕ್ಕಿಂತ ಚೀಲ ಭಾರ ಇರಬಾರದು ಎನ್ನುತ್ತಾರೆ. ನನ್ನದು ಆರೂವರೆ ಕಿಲೋಗೆ ಬಂತು. ಎರಡು ಜೊತೆ ಬಟ್ಟೆ, ಮೂರು ಜೊತೆ ಕಾಲುಚೀಲ, ಮಳೆಯಂಗಿ, ತೆಳು ಮಲಗುಚೀಲ, ರಾತ್ರಿಗೆ ಚಪ್ಪಲಿ, ಔಷಧಿ. ಅಮ್ಮ ಕೊಟ್ಟ ಚಟ್ನಿಪುಡಿ ಕಾಲು ಕಿಲೋ, ಅದನ್ನು ಬಿಡಲು ಮನಸ್ಸಾಗಲಿಲ್ಲ. ಬೂಟು ಮಾತ್ರ ಒಂದು ಸೈಜು ದೊಡ್ಡದೇ ತೆಗೆದುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಪಾದ ಊದಿಕೊಂಡಿರುತ್ತದೆ. ಬೆಳಿಗ್ಗೆ ಬೆರಳ ಸಂದಿಗೆಲ್ಲ ವ್ಯಾಸಲಿನ್ ಮೆತ್ತಿಕೊಂಡು ಕಾಲುಚೀಲ ಹಾಕುವ ಪಾಠ ಧರ್ಮಸ್ಥಳದ ದಾರಿಯಲ್ಲಿ ಕಲಿತದ್ದು. ಇಲ್ಲೂ ಅದೇ ನಡೆಯಿತು. ಹದಿಮೂರು ದಿನದಲ್ಲಿ ನೀರುಗುಳ್ಳೆ ಎದ್ದದ್ದು ಒಂದೇ ಒಂದು, ಅದೂ ಒದ್ದೆ ಕಾಲುಚೀಲದಲ್ಲಿ ಹಟ ಮಾಡಿ ನಡೆದ ದಿನ.

ಕೈಯಲ್ಲಿ ಇರಲೇಬೇಕಾದದ್ದು ಕ್ರೆದೆನ್ಸಿಯಲ್. ಮಡಚುವ ಒಂದು ಉದ್ದ ರಟ್ಟು, ಯಾತ್ರಿಕರ ಪಾಸ್‌ಪೋರ್ಟು ಅನ್ನಿ. ಮಲಗಿದಲ್ಲಿ, ಕಾಫಿ ಕುಡಿದಲ್ಲಿ, ಚರ್ಚಿನಲ್ಲಿ ಅದಕ್ಕೆ ಸೀಲು ಹಾಕಿಸಬೇಕು. ಇದನ್ನು ತೋರಿಸಿದರೇನೇ ಆಲ್ಬೆರ್ಗೆಯಲ್ಲಿ ಹಾಸಿಗೆ. ಆಲ್ಬೆರ್ಗೆ ಅಂದರೆ ಯಾತ್ರಿಕರ ಛತ್ರ. ಒಂದು ಹಾಲಿನಲ್ಲಿ ಇಪ್ಪತ್ತೋ ನಲವತ್ತೋ ಮಂಚ, ಒಂದರ ಮೇಲೊಂದು. ಗಂಡಸರು ಹೆಂಗಸರು ಎಲ್ಲ ಒಟ್ಟಿಗೆ. ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. ಒಂದು, ಸಂಕೋಚ. ಇನ್ನೊಂದು, ಗೊರಕೆ. ಮೂರನೇ ರಾತ್ರಿಗೆ ಎರಡೂ ಹೋಯಿತು. ಇಪ್ಪತ್ತೈದು ಕಿಲೋಮೀಟರ್ ನಡೆದ ದೇಹಕ್ಕೆ ಸಂಕೋಚ ಎಲ್ಲಿ ಬರಬೇಕು. ಸರ್ಕಾರಿ ಆಲ್ಬೆರ್ಗೆಗೆ ಗಲಿಸಿಯಾದಲ್ಲಿ ಹತ್ತು ಯೂರೊ, ಖಾಸಗಿಯವು ಅದಕ್ಕಿಂತ ಜಾಸ್ತಿ. ಕೆಲವು ಕಡೆ ದರವೇ ಇಲ್ಲ, ಬಾಗಿಲ ಬಳಿ ಹುಂಡಿ, ತೋಚಿದಷ್ಟು ಹಾಕಿ ಅಂತ. ನನಗೆ ಊಟ, ವಸತಿ ಎಲ್ಲ ಸೇರಿ ದಿನಕ್ಕೆ 45 ಯೂರೊದ ಆಸುಪಾಸು ಖರ್ಚಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಧರ್ಮಸ್ಥಳದ ದಾರಿಯಲ್ಲಿ ದುಡ್ಡೇ ಬೇಕಿಲ್ಲ. ಹಾಸನ ದಾಟುವಷ್ಟರಲ್ಲಿ ಎಷ್ಟು ಶಾಮಿಯಾನ, ಎಷ್ಟು ಮಜ್ಜಿಗೆ, ಪಾನಕ, ಕಲ್ಲಂಗಡಿ. ಗುರುತಿಲ್ಲದವರು ಕೂರಿಸಿ ಕಾಲಿಗೆ ಮುಲಾಮು ಹಚ್ಚುತ್ತಾರೆ. ಅಷ್ಟು ಅಂತಃಕರಣ ನಾನು ಸ್ಪೇನಿನಲ್ಲಿ ಕಾಣಲಿಲ್ಲ. ಆದರೆ ಧರ್ಮಸ್ಥಳಕ್ಕೆ ನಾನು ಒಬ್ಬಳೇ ಹೋಗಲಾರೆ. ತಂಡ ಬೇಕು, ಹಿಂದೆ ಟೆಂಪೊ ಬೇಕು, ರಾತ್ರಿ ಯಾವ ಶಾಲೆಯ ಜಗಲಿಯೋ ಯಾವ ಕಲ್ಯಾಣ ಮಂಟಪವೋ ಅನ್ನುವುದು ತಂಡದ ಹಿರಿಯರಿಗೆ ಗೊತ್ತಿರಬೇಕು. ಕಮಿನೊದಲ್ಲಿ ಐವತ್ತೆರಡರ ಹೆಂಗಸು, ಸ್ಪ್ಯಾನಿಷ್‌ನಲ್ಲಿ ಎಣಿಸಿ ಹತ್ತು ಪದ ಬಲ್ಲವಳು, ಒಬ್ಬಳೇ ಹೊರಟು ಒಬ್ಬಳೇ ಮುಟ್ಟಿದೆ. ಐದಾರು ಕಿಲೋಮೀಟರಿಗೊಂದು ಊರು, ಊರಿಗೊಂದು ಹಾಸಿಗೆ, ನಡುವೆ ಬಾಣ. ಈಚೆಗೆ ಇಷ್ಟು ಜನ ಇಲ್ಲಿಗೆ ನುಗ್ಗುತ್ತಿರುವುದಕ್ಕೆ ಭಕ್ತಿಗಿಂತ ಇದೇ ದೊಡ್ಡ ಕಾರಣ ಅಂತ ನನಗನ್ನಿಸಿತು.

ನಾಲ್ಕನೇ ದಿನ ಕ್ರೂಸ್ ದೆ ಫೆರೊ. ಸುಮಾರು 1,500 ಮೀಟರ್ ಎತ್ತರದಲ್ಲಿ ಒಂದು ಉದ್ದ ಮರದ ಕಂಬ, ತುದಿಯಲ್ಲಿ ಪುಟ್ಟ ಕಬ್ಬಿಣದ ಶಿಲುಬೆ, ಬುಡದಲ್ಲಿ ಕಲ್ಲಿನ ದಿಬ್ಬ. ಎಲ್ಲರೂ ಮನೆಯಿಂದ ಒಂದು ಕಲ್ಲು ತಂದು ಹಾಕುತ್ತಾರೆ. ನಾನೂ ಹಿತ್ತಿಲಿನದೊಂದು ಕಾರ್ಕಳದ ಕಪ್ಪು ಕಲ್ಲು ಒಯ್ದಿದ್ದೆ. ಹಾಕಿದೆ. ಕಣ್ಣೀರು ಗಿಣ್ಣೀರು ಏನೂ ಬರಲಿಲ್ಲ, ಗಾಳಿ ಹೊಡೆತಕ್ಕೆ ಮೂಗು ಸೋರುತ್ತಿತ್ತು ಅಷ್ಟೆ. ನಿಜವಾದ ಕಣ್ಣೀರು ಬಂದದ್ದು ಅದರಾಚೆಯ ಇಳಿಜಾರಿನಲ್ಲಿ. ಎಲ್ ಅಸೆಬೊ ಊರಿಗೆ ಇಳಿಯುವ ದಾರಿ ಪೂರ್ತಿ ಪದರು ಪದರು ಕಲ್ಲು, ಮಂಡಿ ಹಿಡಿದುಕೊಂಡಿತು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಆಸ್ತೋರ್ಗಾದಲ್ಲಿ ಕೊಂಡ ಊರುಗೋಲು ಎರಡು ಇಲ್ಲದಿದ್ದರೆ ಅಲ್ಲಿಗೇ ಮುಗಿದಿತ್ತು.

ಏಳನೇ ದಿನ ಒ ಸೆಬ್ರೇರೊ ಎಂಬ ಬೆಟ್ಟದ ಊರಿಗೆ ಏರಿದೆ. ಸುಮಾರು 1,300 ಮೀಟರ್, ಗಲಿಸಿಯಾ ಶುರುವಾಗುವುದು ಇಲ್ಲೇ. ಹುಲ್ಲು ಹೊದೆಸಿದ ದುಂಡು ಮನೆಗಳು, ಮಂಜು, ಒಂದು ಹಳೇ ಚರ್ಚು. ಹೊರಗೆ ಒಬ್ಬ ಪಾದ್ರಿಯ ಮೂರ್ತಿ ಇದೆ. ಎಲಿಯಾಸ್ ವಲಿನ್ಯಾ. ನಾನು ಒಂದು ವಾರದಿಂದ ಕಣ್ಣಿಗೊತ್ತಿಕೊಳ್ಳುತ್ತಿದ್ದ ಹಳದಿ ಬಾಣ ಶುರು ಮಾಡಿದವರು ಇವರೇ. 1980ರ ದಶಕದ ಮೊದಲಲ್ಲಿ ಈ ದಾರಿ ಅರ್ಧ ಮುಚ್ಚಿಹೋಗಿತ್ತು. ವಲಿನ್ಯಾ ತಮ್ಮ ಕಾರಿನಲ್ಲಿ ಹಳದಿ ಬಣ್ಣದ ಡಬ್ಬ ತುಂಬಿಕೊಂಡು 1984ರಲ್ಲಿ ಊರೂರು ತಿರುಗಿ ಬಾಣ ಬಳಿದರು. ರಸ್ತೆ ಗುರುತು ಹಾಕಿ ಉಳಿದಿದ್ದ ಬಣ್ಣವಂತೆ ಅದು. ಗಡಿಯ ಹತ್ತಿರ ಪೊಲೀಸರು ಹಿಡಿದು ಏನು ಮಾಡ್ತಿದ್ದೀರಿ ಅಂತ ಕೇಳಿದರಂತೆ, ದೊಡ್ಡ ದಾಳಿಗೆ ತಯಾರಿ ಮಾಡ್ತಿದ್ದೀನಿ ಅಂದರಂತೆ. ನಿಜವೋ ಕಟ್ಟುಕಥೆಯೋ, ಆ ದಾರಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಆಗ ವರ್ಷಕ್ಕೆ ಒಂದೆರಡು ಸಾವಿರ ಜನ ಮುಟ್ಟಿದರೆ ಹೆಚ್ಚು. 1987ರಲ್ಲಿ ಯುರೋಪ್ ಕೌನ್ಸಿಲ್ ಇದನ್ನು ತನ್ನ ಮೊದಲ ಸಾಂಸ್ಕೃತಿಕ ಮಾರ್ಗ ಎಂದಿತು, 1989ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಯುವಜನರನ್ನು ಸಾಂತಿಯಾಗೊಗೆ ಕರೆದರು, 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನಾನು ನಡೆದ 2024ರಲ್ಲಿ ಹೆಚ್ಚುಕಡಿಮೆ ಐದು ಲಕ್ಷ ಮಂದಿ ಯಾತ್ರೆ ಮುಗಿಸಿದ ಪ್ರಮಾಣಪತ್ರ ತೆಗೆದುಕೊಂಡಿದ್ದಾರೆ. ವಲಿನ್ಯಾ 1989ರಲ್ಲೇ ತೀರಿಕೊಂಡರು. ತಾವು ಹೇಳಿದ ದಾಳಿಯನ್ನು ಅವರು ನೋಡಲೇ ಇಲ್ಲ.

ಆ ದಾಳಿ ನನಗೆ ಸಿಕ್ಕಿದ್ದು ಸಾರ್ರಿಯಾ ಎಂಬ ಊರಿನಲ್ಲಿ. ಪ್ರಮಾಣಪತ್ರಕ್ಕೆ ಕಾಲ್ನಡಿಗೆಯಲ್ಲಿ ಕನಿಷ್ಠ 100 ಕಿಲೋಮೀಟರ್ ಆಗಬೇಕು. ಸಾರ್ರಿಯಾ ಇರುವುದು ಸಾಂತಿಯಾಗೊದಿಂದ ಸುಮಾರು 115 ಕಿಲೋಮೀಟರ್ ದೂರದಲ್ಲಿ. ಹಾಗಾಗಿ ಸಾಂತಿಯಾಗೊ ಮುಟ್ಟುವ ಹತ್ತು ಜನರಲ್ಲಿ ಮೂವರು ಇಲ್ಲಿಂದಲೇ ಹೊರಡುತ್ತಾರೆ. ಅಲ್ಲಿವರೆಗೆ ಗಂಟೆಗೆ ನಾಲ್ಕು ಮುಖ ಕಂಡರೆ ಹೆಚ್ಚು. ಸಾರ್ರಿಯಾದ ಬೆಳಿಗ್ಗೆ ನೋಡಿದರೆ ಮೆಜೆಸ್ಟಿಕ್! ಶಾಲೆ ಮಕ್ಕಳ ದಂಡು, ಸ್ಪೀಕರಿನಲ್ಲಿ ಹಾಡು, ಗರಿಗರಿ ಬಟ್ಟೆ, ಬೆನ್ನಿಗೆ ನೀರಿನ ಬಾಟ್ಲಿಯಷ್ಟೇ ಹಿಡಿಯುವ ಚೀಲ. ದೊಡ್ಡ ಲಗೇಜೆಲ್ಲ ವ್ಯಾನಿನಲ್ಲಿ ಮುಂದಿನ ಊರಿಗೆ ಹೋಗುತ್ತದೆ. ನನಗೆ ಉರಿದುಹೋಯಿತು. ಎಂಟು ದಿನದ ನಡಿಗೆ, ಮಂಡಿನೋವು ನನ್ನದು, ಇವರದ್ದೇನು ಪಿಕ್ನಿಕ್ಕು? ಜೊತೆಗೆ ನಡೆಯುತ್ತಿದ್ದ ಕೊರಿಯಾದ ಅಜ್ಜಿಯೊಬ್ಬರ ಹತ್ತಿರ ಗೊಣಗಿದೆ. ಅವರು ಫ್ರಾನ್ಸಿನ ಗಡಿಯಿಂದ ನಡೆದು ಬಂದವರು, ಸುಮ್ಮನೆ ನಕ್ಕರು. ಅರ್ಧ ಗಂಟೆ ಕಳೆದ ಮೇಲೆ ನೆನಪಾಯಿತು, ಧರ್ಮಸ್ಥಳಕ್ಕೆ ಎರಡು ಸಲವೂ ನನ್ನ ಲಗೇಜು ಟೆಂಪೊದಲ್ಲೇ ಬಂದಿತ್ತು ಅಂತ. ಆಮೇಲೆ ಬಾಯಿ ಮುಚ್ಚಿಕೊಂಡು ನಡೆದೆ.

ಆ ದಿನ ಮುಟ್ಟಿದ್ದು ಪೋರ್ತೊಮರಿನ್. 1960ರ ದಶಕದಲ್ಲಿ ಅಣೆಕಟ್ಟಿನ ನೀರಿಗೆ ಹಳೇ ಊರು ಮುಳುಗಿತು. ಅಲ್ಲಿನ ಚರ್ಚನ್ನು ಒಂದೊಂದೇ ಕಲ್ಲು ಬಿಚ್ಚಿ, ನಂಬರು ಬರೆದು, ಮೇಲೆ ತಂದು ಮತ್ತೆ ಕಟ್ಟಿದ್ದಾರೆ. ಗೋಡೆಯ ಹತ್ತಿರ ಹೋಗಿ ನೋಡಿದರೆ ನಂಬರುಗಳು ಈಗಲೂ ಕಾಣುತ್ತವೆ. ಬೆರಳಾಡಿಸಿ ನೋಡಿದೆ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ನೆನಪಾಯಿತು. ಅವುಗಳ ಕಲ್ಲಿಗೆ ನಂಬರು ಬರೆದವರು ಯಾರು?

ಜನ ಜಾಸ್ತಿಯಾದರೆ ಮೊದಲು ಏಟು ಬೀಳುವುದು ಹಾಸಿಗೆಗೆ. ಸರ್ಕಾರಿ ಆಲ್ಬೆರ್ಗೆಯಲ್ಲಿ ಮುಂಗಡ ಕಾದಿರಿಸುವಂತಿಲ್ಲ, ಮೊದಲು ಬಂದವರಿಗೆ ಮೊದಲು. ಮಧ್ಯಾಹ್ನ ಒಂದಕ್ಕೆ ಬಾಗಿಲು ತೆರೆಯುವ ಮುಂಚೆಯೇ ಹೊರಗೆ ಚೀಲಗಳ ಸಾಲು. ಪಾಲಾಸ್ ದೆ ರೇಯ್ ಊರಿಗೆ ನಾನು ಕುಂಟುತ್ತಾ ಬಂದಾಗ ಮೂರು ಗಂಟೆ. ನಾಲ್ಕು ಕಡೆ ಕೇಳಿದೆ, ನಾಲ್ಕರಲ್ಲೂ ಒಂದೇ ಪದ: ಕೊಂಪ್ಲೆತೊ. ಭರ್ತಿ. ಒಂದು ಕಡೆ ಫೋನಿನಲ್ಲಿ ಹಾಸಿಗೆ ಇದೆ ಅಂದವರು ಬಾಗಿಲಲ್ಲಿ ಇಲ್ಲ ಅಂದರು. ಜಗಳ ಆಡಲು ಭಾಷೆ ಬೇಕಲ್ಲ! ಮೆಟ್ಟಿಲ ಮೇಲೆ ಕೂತು ಚಟ್ನಿಪುಡಿ ಬ್ರೆಡ್ಡಿಗೆ ಹಾಕಿಕೊಂಡು ತಿಂದೆ, ಎದ್ದೆ, ಇನ್ನೂ ಮೂರೂವರೆ ಕಿಲೋಮೀಟರ್ ನಡೆದು ಮುಂದಿನ ಹಳ್ಳಿಯಲ್ಲಿ ಕೊನೆಯ ಮೇಲ್ಮಂಚ ಹಿಡಿದೆ. ನೀವು ಹೋಗುವುದಾದರೆ ಸಾರ್ರಿಯಾದಿಂದ ಮುಂದಕ್ಕೆ ಹಿಂದಿನ ದಿನವೇ ಖಾಸಗಿ ಆಲ್ಬೆರ್ಗೆ ಬುಕ್ ಮಾಡಿಬಿಡಿ. ಇಲ್ಲವೇ ದೊಡ್ಡ ಊರಲ್ಲಿ ನಿಲ್ಲದೆ ಅದರ ಹಿಂದಿನದೋ ಮುಂದಿನದೋ ಹಳ್ಳಿಯಲ್ಲಿ ಮಲಗಿ. ಹಳ್ಳಿಯಲ್ಲಿ ನಿದ್ದೆಯೂ ಚೆನ್ನಾಗಿ ಬರುತ್ತದೆ.

ಊಟದ ವಿಷಯ. ಯಾತ್ರೆ ಅಂದರೆ ಮೀನು, ಮಾಂಸ ಮುಟ್ಟಬಾರದು ಅನ್ನುವುದು ನಮ್ಮ ಮನೆಯ ಕಟ್ಟು. ಹತ್ತು ದಿನ ಪಾಲಿಸಿದೆ. ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ಟು, ಬ್ರೆಡ್ಡು, ಚೀಸು, ಹಣ್ಣು. ಬರೀ ತರಕಾರಿ ಸಲಾಡ್ ಅಂದರೂ ಮೇಲೆ ಟ್ಯೂನಾ ಮೀನು ಉದುರಿಸಿ ತರುತ್ತಿದ್ದರು, ಅದನ್ನು ಬದಿಗೆ ಸರಿಸುತ್ತಿದ್ದೆ. ಒಂದು ಕಡೆ ಅಡುಗೆಮನೆ ಇದೆ ಅಂತ ಖುಷಿಯಾಗಿ ಅಕ್ಕಿ ತಂದರೆ, ಒಲೆ ಇದೆ, ಸಿಂಕ್ ಇದೆ, ಪಾತ್ರೆ ಒಂದೂ ಇಲ್ಲ. ಕೊರಿಯಾದ ಅಜ್ಜಿ ತಮ್ಮ ಸ್ಟೀಲ್ ಲೋಟದಲ್ಲಿ ನೂಡಲ್ಸ್ ಮಾಡಿ ಅರ್ಧ ಕೊಟ್ಟರು. ಹನ್ನೊಂದನೇ ದಿನ ಮೆಲಿದೆ ಬಂತು, ಆಕ್ಟೋಪಸ್ಸಿಗೆ ಹೆಸರಾದ ಊರು. ಬಾಗಿಲಲ್ಲೇ ತಾಮ್ರದ ಹಂಡೆ. ಕುದಿಯುವ ನೀರಿನಿಂದ ಅದನ್ನು ಕೊಕ್ಕೆಯಲ್ಲಿ ಎತ್ತಿ, ಕತ್ತರಿಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಮರದ ತಟ್ಟೆಗೆ ಬೀಳಿಸುತ್ತಾರೆ. ಮೇಲೆ ಕಲ್ಲುಪ್ಪು, ಕೆಂಪು ಪುಡಿ, ಆಲಿವ್ ಎಣ್ಣೆ. ಕಡ್ಡಿಯಲ್ಲಿ ಚುಚ್ಚಿ ತಿನ್ನುವುದು. ನಮ್ಮ ಕರಾವಳಿಯ ಬೊಂಡಾಸ್ (ಸ್ಕ್ವಿಡ್) ಸುಕ್ಕ ತಿಂದು ಬೆಳೆದ ನಾಲಿಗೆ, ಎಷ್ಟು ಹೊತ್ತು ತಡೆದೀತು. ಇದು ಅವರ ಯಾತ್ರೆ, ಅವರ ಕಟ್ಟಿನಲ್ಲಿ ಇದಕ್ಕೆ ಅಡ್ಡಿ ಇಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಒಂದು ತಟ್ಟೆ ಪೂರ್ತಿ ತಿಂದೆ. ಅಮ್ಮನಿಗೆ ಹೇಳಿಲ್ಲ.

ಹದಿಮೂರನೇ ದಿನ ಮಳೆ. ಮೊಂತೆ ದೊ ಗೋಸೊ ಗುಡ್ಡದಿಂದ ಸಾಂತಿಯಾಗೊದ ದೊಡ್ಡ ಚರ್ಚು, ಅಂದರೆ ಕೆತೀಡ್ರಲಿನ ಗೋಪುರ ಕಾಣುತ್ತದೆ ಅಂತಾರೆ, ನನಗೆ ಕಂಡದ್ದು ಮೋಡ. ಕೆತೀಡ್ರಲಿನ ಎದುರಿನ ಒಬ್ರದೊಯ್ರೊ ಚೌಕದಲ್ಲಿ ಜನ ಚೀಲವನ್ನೇ ತಲೆದಿಂಬು ಮಾಡಿಕೊಂಡು ಒದ್ದೆ ನೆಲದಲ್ಲೇ ಮಲಗಿದ್ದರು. ನಾನು ಕೂತೆ, ಬೂಟು ಬಿಚ್ಚಿದೆ. ಯಾತ್ರಿಕರ ಕಚೇರಿಯಲ್ಲಿ ಟೋಕನ್ ತೆಗೆದುಕೊಂಡು ಕಾಯಬೇಕು. ಯಾಕೆ ನಡೆದಿರಿ ಎಂದು ಫಾರಂನಲ್ಲಿ ಕೇಳುತ್ತಾರೆ. ಧಾರ್ಮಿಕವೋ, ಅಧ್ಯಾತ್ಮವೋ, ಬೇರೆಯೋ. ಧಾರ್ಮಿಕ ಎಂದೇ ಗುರುತು ಹಾಕಿದೆ. ಅತ್ತೂರಿಗೆ ಹೋಗುವಾಗ ಯಾರೂ ಫಾರಂ ಕೊಟ್ಟಿರಲಿಲ್ಲ, ಕೊಟ್ಟಿದ್ದರೂ ಅಮ್ಮ ಇದನ್ನೇ ಹಾಕುತ್ತಿದ್ದಳು. ಲ್ಯಾಟಿನ್‌ನಲ್ಲಿ ಬರೆದ ಪ್ರಮಾಣಪತ್ರ ಪುಕ್ಕಟೆ. ಕೆತೀಡ್ರಲಿನ ಪ್ರಸಿದ್ಧ ದೊಡ್ಡ ಧೂಪದ ಪಾತ್ರೆ, ಎಂಟು ಜನ ಹಗ್ಗ ಎಳೆದು ಆಡಿಸುವಂಥದ್ದು, ದಿನಾ ಆಡಿಸುವುದಿಲ್ಲ. ನನಗೆ ನೋಡಲು ಸಿಗಲಿಲ್ಲ.

ಉಳಿದದ್ದು ಮೇಣದಬತ್ತಿ. ದಾರಿಯಲ್ಲಿ ಹೊಕ್ಕ ಚರ್ಚುಗಳಲ್ಲಿ ಸಿಕ್ಕಿರಲಿಲ್ಲ, ಅರ್ಧಕ್ಕೆ ಬೀಗ. ಸಾಂತಿಯಾಗೊದ ಓಣಿಯೊಂದರ ಸಣ್ಣ ಚರ್ಚಿನಲ್ಲಿ ಕೊನೆಗೂ ಬತ್ತಿಗಳ ಸ್ಟ್ಯಾಂಡ್ ಕಂಡಿತು. ಹತ್ತಿರ ಹೋದರೆ ಎಲ್ಲ ಪ್ಲಾಸ್ಟಿಕ್ಕು. ಡಬ್ಬಿಗೆ ಐವತ್ತು ಸೆಂಟಿನ ನಾಣ್ಯ ಹಾಕಿದೆ, ಟಿಕ್ ಅಂತ ಒಂದು ಪುಟ್ಟ ಬಲ್ಬು ಹತ್ತಿಕೊಂಡಿತು. ಫೋಟೊ ತೆಗೆದು ಅಮ್ಮನಿಗೆ ಕಳಿಸಿ ಫೋನ್ ಮಾಡಿದೆ.

"ಇದೇನು, ಬಲ್ಬಾ?"

"ಹೌದಮ್ಮ. ಇಲ್ಲಿ ಹೀಗೇ."

"ಹಾಗಾದ್ರೆ ಅದು ಲೆಕ್ಕಕ್ಕಿಲ್ಲ. ಜನವರಿಗೆ ಬಾ, ಅತ್ತೂರಿಗೆ ಹೋಗಿ ಸರಿಯಾಗಿ ಹಚ್ಚುವ."