ಒಂದು ‘ಓ’ ಹೆಚ್ಚಾದರೆ

ತಾಲ್ಲೂಕು ಕಚೇರಿ ಎದುರು ನನ್ನದೊಂದು ಡಿಟಿಪಿ ಅಂಗಡಿ. ಮಾರ್ಕ್ಸ್ ಕಾರ್ಡ್ ಕಳೆದುಕೊಂಡ ಹುಡುಗನೊಬ್ಬನಿಗೆ ಇಂಗ್ಲಿಷಿನಲ್ಲಿ ಅಫಿಡವಿಟ್ ಟೈಪ್ ಮಾಡಿಕೊಟ್ಟಿದ್ದೆ. ‘ಮುಂದೆ ಮತ್ತೆ ಕಳೆದುಕೊಂಡರೆ ನಾನೇ ಹೊಣೆ’ ಎನ್ನುವ ಸಾಲಿನಲ್ಲಿ lose ಎಂದು ಒಂದೇ ಓ ಇರಬೇಕಾದ ಕಡೆ loose ಎಂದು ಎರಡು ಓ ಬಿದ್ದಿತ್ತು. ಲಾಯರು ಓದಿ, “ಏನ್ರೀ, ಕಾರ್ಡನ್ನೇ ಸಡಿಲ ಮಾಡಿದ್ದೀರಲ್ಲ” ಎಂದು ನಕ್ಕರು. ಸ್ಟಾಂಪ್ ಪೇಪರಿನ ದುಡ್ಡು ನನ್ನ ಕೈಯಿಂದಲೇ ಹೋಯಿತು. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಂಪ್ಯೂಟರು ಕೆಂಪು ಗೆರೆ ಎಳೆದಿರಲಿಲ್ಲ.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ನಾನು ಎಡವಿದ ಪದಗಳು ಮಾತ್ರ.

ಮೊದಲು ಗೊತ್ತಾಗಿದ್ದು, ಕಿವಿ ನಂಬಿದರೆ ಕೆಲಸ ಕೆಟ್ಟಿತು ಅಂತ. ‘ಸಡಿಲ’ ಅನ್ನೋದು ಲೂಸ್, ‘ಕಳೆದುಕೋ’ ಅನ್ನೋದು ಲೂಜ಼್. ಆ ಕೊನೆಯ ಸದ್ದು ಕನ್ನಡದ್ದಲ್ಲ. ನಮ್ಮ ಬಾಯಲ್ಲಿ ಎರಡೂ ಲೂಸೇ. ಸಲಹೆ, ಸಲಹೆ ಕೊಡು ಎನ್ನುವ ಅಡ್ವೈಸ್ ಜೋಡಿಯದೂ ಇದೇ ಪಾಡು. ಅಲ್ಲಿ ಹೆಸರಿಗೆ ಸಿ, ಕೆಲಸಕ್ಕೆ ಎಸ್. ನಮ್ಮ ಡ್ರೈವಿಂಗ್ ಲೈಸೆನ್ಸ್ ಮೇಲೂ ಪದದ ಕೊನೆಗೆ ಸಿ ಇರುವುದು ಈ ಬ್ರಿಟಿಷ್ ಲೆಕ್ಕದಿಂದಲೇ. ಅಮೆರಿಕದವರು ಲೈಸೆನ್ಸಿನ ಕೊನೆಗೆ ಹೆಸರಿಗೂ ಕೆಲಸಕ್ಕೂ ಎಸ್ ಹಾಕುತ್ತಾರೆ.

ನಿಜಕ್ಕೂ ಬೆವರಿಳಿಸಿದ್ದು ಕೈಗಡದ ಪತ್ರ. ನಮಗೆ ಕೊಟ್ಟರೂ ಸಾಲ, ತಗೊಂಡರೂ ಸಾಲ. ಇಂಗ್ಲಿಷಿನಲ್ಲಿ ಕೊಡೋದು ಲೆಂಡ್, ತಗೊಳ್ಳೋದು ಬಾರೋ. ಅದಲುಬದಲಾದರೆ ಕೊಟ್ಟವನೇ ಸಾಲಗಾರ! ಕೊನೆಗೆ ಕನ್ನಡವೇ ಕೈಹಿಡಿಯಿತು: ದುಡ್ಡನ್ನು ‘ಬಾರೋ’ ಎಂದು ತನ್ನ ಕಡೆಗೆ ಕರೆದವನು ಸಾಲ ಪಡೆದವನು. ಅದಾದ ಮೇಲೆ ಒಮ್ಮೆಯೂ ತಪ್ಪಿಲ್ಲ.

ಅದೇ ಪತ್ರದಲ್ಲಿ ಬರುವ ಪ್ರಿನ್ಸಿಪಲ್‌ಗೂ ಇಂಥದೇ ಉಪಾಯ. ಅಸಲು ಎನ್ನುವುದರಲ್ಲಿ ಅ ಇದೆ, ಲ ಇದೆ. ಹಾಗಾಗಿ ಕೊನೆಗೆ ಎ, ಎಲ್. ಕಾಲೇಜಿನ ಪ್ರಿನ್ಸಿಪಾಲರಿಗೂ ಅದೇ ಸ್ಪೆಲ್ಲಿಂಗ್. ತತ್ವಕ್ಕೆ ಮಾತ್ರ ಎಲ್, ಇ.

ಸ್ಟೇಷನರಿ ಅಂಗಡಿಯ ಬೋರ್ಡ್ ಮಾಡುವಾಗ ಎನ್ವಲಪ್ ನೆನೆಸಿಕೊಂಡು ಇ ಹಾಕುತ್ತೇನೆ. ನಿಂತಲ್ಲೇ ನಿಂತದ್ದು ಎನ್ನುವ ಸ್ಟೇಷನರಿಗೆ ಎ. ತಮಾಷೆಯೆಂದರೆ ಎರಡರ ಬೇರೂ ಒಂದೇ: ಹಿಂದೆ ಯುರೋಪಿನಲ್ಲಿ ಊರೂರು ಅಲೆಯದೆ ಒಂದೇ ಕಡೆ ಅಂಗಡಿ ಹಾಕಿ ಪುಸ್ತಕ ಮಾರುತ್ತಿದ್ದವನಿಂದ ಬಂದ ಹೆಸರು ಅದು.

ಪರಿಣಾಮ ಬೀರು ಎನ್ನುವ ಅಫೆಕ್ಟ್, ಪರಿಣಾಮ ಎನ್ನುವ ಎಫೆಕ್ಟ್ ಬಂದರೆ ಈಗಲೂ ಕೈ ನಿಲ್ಲುತ್ತದೆ. ನೋಟ್‌ಬುಕ್ಕಿನಲ್ಲಿ ಆ ಪುಟದ ಕಿವಿ ಮಡಚಿಯೇ ಇದೆ.